ಬೆನ್ನಿಗೆ ಚುಚ್ಚಿದ ಮದ್ದು ಮೂಗಿಗೆ ಏರಿದ ಕಥೆ

ಲಾಸಲಗಾಂವ್‌ನಿಂದ ಬರೆಯುತ್ತಿದ್ದೇನೆ. ಈರುಳ್ಳಿ ಊರಿನವಳು ಈರುಳ್ಳಿ ಬಗ್ಗೆಯೇ ಬರೆಯುತ್ತಾಳೆ ಎಂದು ನೀವು ಎಣಿಸಿರಬಹುದು. ಈ ಸಲ ನನ್ನ ವೃತ್ತಿಯ ಕಡೆಯಿಂದ ಒಂದು ಇತಿಹಾಸ ಹೇಳುತ್ತೇನೆ. ನಾನು ಅರಿವಳಿಕೆ ವೈದ್ಯೆ. ಇಲ್ಲಿಯ ಮರಾಠಿಯಲ್ಲಿ ಅರಿವಳಿಕೆಗೆ ‘ಭೂಲ್’ ಎನ್ನುತ್ತಾರೆ, ನಮ್ಮನ್ನು ‘ಭೂಲ್‌ತಜ್ಞ’ ಎನ್ನುತ್ತಾರೆ. ‘ಭೂಲ್’ ಎಂದರೆ ಭ್ರಮೆ, ಮರುಳು ಎಂಬ ಅರ್ಥವೂ ಉಂಟು. ಕನ್ನಡದ ‘ಅರಿವಳಿಕೆ’ ಅದಕ್ಕಿಂತ ಚೊಕ್ಕವಾದ ಮಾತು: ಅರಿವು ಅಳಿಯುವುದು.

ಸಿಜೇರಿಯನ್ ಆದ ಬಾಣಂತಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: “ಡಾಕ್ಟರ್, ಇಂಜೆಕ್ಷನ್ ಕೊಟ್ಟಿದ್ದು ಸೊಂಟಕ್ಕೆ, ಮೂಗು ಯಾಕೆ ತುರಿಸುತ್ತಿದೆ?” ಪಕ್ಕದಲ್ಲಿ ಕೂತ ಅತ್ತೆ ಅದನ್ನು ದೃಷ್ಟಿ ಎನ್ನುತ್ತಾರೆ, ತಾಯಿ ಔಷಧಿಯ ಉಷ್ಣ ಎನ್ನುತ್ತಾರೆ. ನಿಜವಾದ ಉತ್ತರ ಕಂಡುಕೊಳ್ಳಲು ವೈದ್ಯಲೋಕಕ್ಕೆ ಸುಮಾರು ಎಂಬತ್ತು ವರ್ಷ ಬೇಕಾಯಿತು. ಆ ಉತ್ತರ ತಡವಾಗಿ ಬಂದದ್ದರಿಂದ ಕೆಲವರ ಉಸಿರೇ ಅಪಾಯಕ್ಕೆ ಸಿಕ್ಕಿತು. ಅದಕ್ಕೇ ಈ ಕಥೆ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು ಎಂದು ನನ್ನ ಆಸೆ.

ಗಸಗಸೆಯಿಂದ ಮಾರ್ಫಿನ್‌ವರೆಗೆ

ಕಥೆ ಶುರುವಾಗುವುದು ನಮ್ಮ ಅಡುಗೆಮನೆಯ ಗಸಗಸೆ ಡಬ್ಬಿಯಿಂದ. ಪಾಯಸಕ್ಕೆ ಹುರಿದು ರುಬ್ಬುವ ಗಸಗಸೆ ಒಂದು ಗಿಡದ ಬೀಜ. ಅದೇ ಗಿಡದ ಹಸಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲು ಒಣಗಿ ಅಫೀಮು ಆಗುತ್ತದೆ. ಬೀಜದಲ್ಲಿ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ, ಹಾಲಿನಲ್ಲಿ ತುಂಬ ಹೆಚ್ಚು. ಜರ್ಮನಿಯಲ್ಲಿ ಔಷಧದಂಗಡಿಯ ಸಹಾಯಕನಾಗಿದ್ದ ಫ್ರೀಡ್ರಿಕ್ ಸೆರ್ಟರ್ನರ್ ಎಂಬ ತರುಣ 1805ರ ಸುಮಾರಿಗೆ ಅಫೀಮಿನಿಂದ ಅದರ ಸಾರವನ್ನು ಬೇರೆ ಮಾಡಿದ. 1817ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕೆ ಇಟ್ಟ. ಅದೇ ಮಾರ್ಫಿನ್.

1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಮತ್ತು ಫ್ರಾನ್ಸಿನ ಶಾರ್ಲ್ ಪ್ರವಾಜ್ ಬೇರೆ ಬೇರೆಯಾಗಿ ಪೊಳ್ಳು ಸೂಜಿಯ ಸಿರಿಂಜನ್ನು ಬಳಕೆಗೆ ತಂದರು. ಅಲ್ಲಿಂದ ಮುಂದೆ ಮಾರ್ಫಿನ್‌ಗೆ ಬಾಯಿಯ ದಾರಿಯಲ್ಲದೆ ಚರ್ಮದ ಕೆಳಗಿನ ದಾರಿಯೂ ತೆರೆಯಿತು. ಆದರೆ ಯಾವ ದಾರಿಯಲ್ಲಿ ಹೋದರೂ ಅದು ಮೊದಲು ರಕ್ತಕ್ಕೆ ಸೇರಬೇಕು, ರಕ್ತ ಅದನ್ನು ಇಡೀ ಮೈಗೆ ಹಂಚಬೇಕು. ನೋವು ಕಾಲಿನಲ್ಲಿದ್ದರೂ ಮದ್ದು ತಲೆಯಿಂದ ಉಂಗುಷ್ಠದವರೆಗೆ ಹರಡುತ್ತಿತ್ತು. ನೋವಿದ್ದ ಕಡೆಗಷ್ಟೇ ಮದ್ದು ಮುಟ್ಟಿಸುವುದು ಹೇಗೆ ಎಂಬ ಹುಡುಕಾಟವೇ ಮುಂದಿನ ಚರಿತ್ರೆ.

ನೆರೆಯ ಸಂಸ್ಥಾನದ ಒಂದು ಪಾಠ

ಅರಿವಳಿಕೆಯ ಚರಿತ್ರೆ ಎಂದರೆ ಯುರೋಪಿನದು ಮಾತ್ರ ಎಂದುಕೊಳ್ಳಬೇಡಿ. ನಮ್ಮ ನಾಶಿಕ್ ಜಿಲ್ಲೆ ಆಗ ಬ್ರಿಟಿಷರ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಪೂರ್ವಕ್ಕೆ ಗಡಿ ದಾಟಿದರೆ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ, ಹೈದರಾಬಾದಿನ ನಿಜಾಮರ ಸಂಸ್ಥಾನ. ಕಲಬುರಗಿ, ಬೀದರ್, ರಾಯಚೂರು ಕೂಡ ಅದೇ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ರಾಜಧಾನಿಯಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸಾಯುವುದು ಉಸಿರು ನಿಂತೋ, ಹೃದಯ ನಿಂತೋ ಎಂಬುದು ಪ್ರಶ್ನೆ. ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಇದನ್ನು ನಡೆಸಿದರು, ವೆಚ್ಚ ನಿಜಾಮ್ ಸರ್ಕಾರದ್ದು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದ ಮೇಲೆ ಅವರು ಕೊಟ್ಟ ತೀರ್ಪು: ನಾಡಿ ಹಿಡಿದು ಕೂರಬೇಡಿ, ಉಸಿರನ್ನು ನೋಡುತ್ತಿರಿ.

ಹೃದಯಕ್ಕೆ ಅಪಾಯವೇ ಇಲ್ಲ ಎಂಬ ಅವರ ಮಾತು ಮುಂದೆ ಸುಳ್ಳಾಯಿತು. ಕ್ಲೋರೋಫಾರ್ಮ್ ಹೃದಯವನ್ನು ಒಮ್ಮೆಲೇ ನಿಲ್ಲಿಸಬಲ್ಲದು ಎಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ಆದರೂ ‘ಉಸಿರನ್ನು ನೋಡಿ’ ಎಂಬ ಅರ್ಧ ಪಾಠ ಇಂದಿಗೂ ಬದುಕಿದೆ. ಬೆನ್ನಿನ ಮಾರ್ಫಿನ್ ವಿಷಯದಲ್ಲಿ ಅದೇ ನಮ್ಮ ಕೈಹಿಡಿದದ್ದು.

ಆ ದಿನಗಳಲ್ಲಿ ಲಾರಿಯವರ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳಲ್ಲಿ ರೂಪಾಬಾಯಿ ಫರ್ದೂನ್‌ಜಿ ಒಬ್ಬರು. ಪಾರ್ಸಿ ಮನೆತನದ ಈಕೆ ಕ್ಲೋರೋಫಾರ್ಮ್ ಕೊಡುವುದರಲ್ಲಿ ಪಳಗಿ, ಮುಂದೆ ಎಡಿನ್‌ಬರೋಗೂ ಹೋಗಿ ಓದಿ ಬಂದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಎಂದು ಹಲವರು ಅವರನ್ನೇ ಗುರುತಿಸುತ್ತಾರೆ. ನಮ್ಮ ನೆರೆಯ ಸಂಸ್ಥಾನದ ಈ ಹೆಣ್ಣುಮಗಳ ಹೆಸರು ನಮ್ಮ ಮಕ್ಕಳ ಪಠ್ಯದಲ್ಲಿ ಇಲ್ಲ. ಈ ಸಂಚಿಕೆಯಲ್ಲಾದರೂ ಇರಲಿ.

ಬೆನ್ನಿನೊಳಗಿನ ನೀರು

ನಮ್ಮ ಮಿದುಳು ಮತ್ತು ಬೆನ್ನುಹುರಿ ಒಂದು ತಿಳಿನೀರಿನಲ್ಲಿ ತೇಲುತ್ತಿರುತ್ತವೆ. ಇದನ್ನು 1764ರಲ್ಲಿ ಇಟಲಿಯ ನೇಪಲ್ಸ್ ನಗರದ ದೊಮೆನಿಕೊ ಕೊತುನ್ಯೊ ಬರೆದಿಟ್ಟರು. ವಯಸ್ಕರಲ್ಲಿ ಈ ನೀರು ಒಟ್ಟು ಸುಮಾರು 150 ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು. ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಹುಟ್ಟುತ್ತದೆ, ಅಷ್ಟೇ ರಕ್ತಕ್ಕೆ ಹೀರಿಹೋಗುತ್ತದೆ. 1891ರಲ್ಲಿ ಜರ್ಮನಿಯ ಕೀಲ್ ಪಟ್ಟಣದ ಹೈನ್ರಿಕ್ ಕ್ವಿಂಕೆ ಸೊಂಟದ ಎಲುಬುಗಳ ನಡುವೆ ಸೂಜಿ ಹಾಕಿ ಈ ನೀರನ್ನು ತೆಗೆಯುವ ವಿಧಾನವನ್ನು ತೋರಿಸಿಕೊಟ್ಟರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ನೀರಿನಲ್ಲಿ ಎಳೆ ಎಳೆಯಾಗಿ ತೇಲುವ ನರಗಳ ನಡುವೆ. ಬೆನ್ನುಹುರಿಗೇ ಚುಚ್ಚುತ್ತಾರೆ ಎಂಬ ಭಯ ಬೇಡ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಅದೇ ಕೀಲ್‌ನಲ್ಲಿ 1898ರ ಆಗಸ್ಟ್ 16ರಂದು ಔಗುಸ್ಟ್ ಬೀಯರ್ ಎಂಬ ಶಸ್ತ್ರವೈದ್ಯ ಕಾಲಿನ ಕ್ಷಯದ ರೋಗಿಯೊಬ್ಬನ ಬೆನ್ನಿನ ನೀರಿಗೆ ಕೊಕೇನ್ ಬಿಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದ. ಎಂಟು ದಿನಗಳ ಮೇಲೆ ತಾನೂ ತನ್ನ ಸಹಾಯಕ ಹಿಲ್ಡೆಬ್ರಾಂಟನೂ ಒಬ್ಬರ ಮೇಲೊಬ್ಬರು ಅದನ್ನು ಪರೀಕ್ಷಿಸಿದರು. ಹಿಲ್ಡೆಬ್ರಾಂಟನ ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ಹೊಡೆದರೂ ನೋವಾಗಲಿಲ್ಲ. ಬೀಯರ್‌ಗೆ ಮಾತ್ರ ಬೆನ್ನಿನ ನೀರು ಸೋರಿ ತಲೆನೋವು ಬಂತು, ದಿನಗಟ್ಟಲೆ ಹಾಸಿಗೆ ಹಿಡಿಯಬೇಕಾಯಿತು. ಇಂದೂ ಸ್ಪೈನಲ್ ಆದ ಮೇಲೆ ಕೆಲವರಿಗೆ ಬರುವ ತಲೆನೋವು ಅದೇ. ಸೂಜಿ ಈಗ ಕೂದಲಿನಂತೆ ಸಣ್ಣದಾಗಿರುವುದರಿಂದ ಅದು ಕಡಿಮೆಯಾಗಿದೆ.

ಸ್ವಲ್ಪದರಲ್ಲೇ ಜಪಾನಿನ ಕಿತಾಗಾವಾ ಬೆನ್ನಿನ ನೀರಿಗೆ ಮಾರ್ಫಿನ್ ಬಿಟ್ಟ ವರದಿ ಬಂತು. ರುಮೇನಿಯಾದ ರಾಕೊವಿಚಾನು-ಪಿತೆಶ್ತಿ ಕೊಕೇನಿಗೆ ಅಫೀಮಿನ ಅಂಶ ಬೆರೆಸಿದ ವರದಿಯೂ ಬಂತು. ಎರಡೂ 1901ರ ಮಾತು. ಆದರೆ ಇದು ಯಾಕೆ ಕೆಲಸ ಮಾಡುತ್ತದೆ ಎಂದು ಹೇಳಲು ಯಾರಿಗೂ ಆಗಲಿಲ್ಲ. ಕಾರಣ ಗೊತ್ತಿಲ್ಲದ ಚಿಕಿತ್ಸೆ ಮರೆತುಹೋಗುವುದು ಬೇಗ. ಇದೂ ಮುಕ್ಕಾಲು ಶತಮಾನ ಮೂಲೆ ಸೇರಿತು.

ಹೆರಿಗೆ ನೋವಿಗೆ ರಕ್ತದ ದಾರಿ

ಅಷ್ಟರಲ್ಲಿ ಹೆರಿಗೆ ಕೋಣೆಗೆ ಮಾರ್ಫಿನ್ ಬೇರೆ ದಾರಿಯಿಂದ ಬಂದಿತ್ತು. 1906ರ ಹೊತ್ತಿಗೆ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಕ್ರೋನಿಗ್ ಮತ್ತು ಗಾಸ್ ಎಂಬ ವೈದ್ಯರು ಮಾರ್ಫಿನ್ ಜೊತೆ ಸ್ಕೋಪೊಲಮಿನ್ ಎಂಬ ಮರೆವಿನ ಮದ್ದನ್ನು ಚುಚ್ಚುತ್ತಿದ್ದರು. ಅದಕ್ಕೆ ಮುಸ್ಸಂಜೆಯ ನಿದ್ದೆ ಎಂಬ ಅರ್ಥದ ಹೆಸರಿತ್ತು. 1914ರಲ್ಲಿ ಇದರ ಸುದ್ದಿ ಅಮೆರಿಕಕ್ಕೆ ಮುಟ್ಟಿದಾಗ ಅಲ್ಲಿಯ ಹೆಂಗಸರು ಸಂಘ ಕಟ್ಟಿದರು, ಸಭೆ ನಡೆಸಿದರು, “ನಮಗೂ ಇದು ಬೇಕು” ಎಂದು ಆಸ್ಪತ್ರೆಗಳನ್ನು ಒತ್ತಾಯಿಸಿದರು. ಹೆರಿಗೆ ನೋವು ದೇವರು ಕೊಟ್ಟದ್ದು, ಸಹಿಸಬೇಕು ಎಂದು ಕೇಳುತ್ತ ಬಂದ ಹೆಂಗಸರು ನೋವು ಕಳೆಯುವ ಹಕ್ಕಿಗಾಗಿ ಬೀದಿಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಆದರೆ ಮದ್ದು ರಕ್ತದ ದಾರಿಯಲ್ಲಿ ಹೋಗುತ್ತಿತ್ತು. ತಾಯಿಯ ರಕ್ತದಿಂದ ಮಾಸು ದಾಟಿ ಮಗುವಿಗೂ ಸೇರುತ್ತಿತ್ತು. ಹುಟ್ಟಿದ ಮಗು ಮಂಕಾಗಿ ಉಸಿರಾಡಲು ತಡಮಾಡುತ್ತಿತ್ತು. ತಾಯಂದಿರಿಗೆ ನೋವು ಪೂರ್ತಿ ಹೋಗುತ್ತಿರಲಿಲ್ಲ, ಅದರ ನೆನಪು ಮಾತ್ರ ಅಳಿಯುತ್ತಿತ್ತು. ಎಷ್ಟೋ ಕಡೆ ಅವರನ್ನು ಹಾಸಿಗೆಗೆ ಕಟ್ಟಬೇಕಾಗುತ್ತಿತ್ತು. ಕೇಳಿದ್ದು ನ್ಯಾಯವೇ, ಸಿಕ್ಕ ಉಪಾಯ ಸರಿಯಿರಲಿಲ್ಲ.

ಬೀಗ ಸಿಕ್ಕಿದ್ದು

1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕ್ಯಾಂಡೇಸ್ ಪರ್ಟ್ ಎಂಬ ತರುಣಿ ಮತ್ತು ಅವಳ ಗುರು ಸಾಲಮನ್ ಸ್ನೈಡರ್, ನರಗಳ ಮೇಲೆ ಅಫೀಮಿನ ಜಾತಿಯ ಮದ್ದುಗಳಿಗೆಂದೇ ಬೀಗದಂಥ ಜಾಗಗಳಿವೆ ಎಂದು ತೋರಿಸಿದರು. ಅದೇ ವರ್ಷ ಇನ್ನೆರಡು ತಂಡಗಳೂ ಇದನ್ನೇ ಕಂಡವು. ಮಾರ್ಫಿನ್ ಕೀಲಿಯಂತೆ ಆ ಬೀಗದಲ್ಲಿ ಕೂರುತ್ತದೆ. ಇಂಥ ಬೀಗಗಳು ಮಿದುಳಿನಲ್ಲಿ ಮಾತ್ರವಲ್ಲ, ಬೆನ್ನುಹುರಿಯ ಹಿಂಬದಿಯಲ್ಲೂ ಒತ್ತೊತ್ತಾಗಿವೆ. ಗಾಯದಿಂದ ಬರುವ ನೋವಿನ ಸುದ್ದಿ ಮಿದುಳಿಗೆ ಹೋಗುವ ಮೊದಲು ಇಲ್ಲೇ ಕೈ ಬದಲಾಗುತ್ತದೆ. ಮಾರ್ಫಿನ್ ಇಲ್ಲಿ ಕೂತರೆ ಸುದ್ದಿ ಮುಂದೆ ಹೋಗುವುದಿಲ್ಲ.

1976ರಲ್ಲಿ ಯಾಕ್ಷ್ ಮತ್ತು ರೂಡಿ ಇಲಿಗಳ ಬೆನ್ನಿನ ನೀರಿಗೆ ಮಾರ್ಫಿನ್ ಬಿಟ್ಟು ಇದನ್ನು ಖಚಿತಪಡಿಸಿದರು. 1979ರಲ್ಲಿ ಮೇಯೊ ಕ್ಲಿನಿಕ್ಕಿನ ವಾಂಗ್ ಮತ್ತು ಸಂಗಡಿಗರು ಕ್ಯಾನ್ಸರ್ ನೋವಿನಿಂದ ನರಳುತ್ತಿದ್ದ 8 ರೋಗಿಗಳಿಗೆ ಅರ್ಧದಿಂದ ಒಂದು ಮಿಲಿಗ್ರಾಂ ಕೊಟ್ಟರು. ಹೆಚ್ಚಿನವರಿಗೆ ಗಂಟೆಗಟ್ಟಲೆ ನೆಮ್ಮದಿ ಸಿಕ್ಕಿತು. ಅದೇ ವರ್ಷ ಜೆರುಸಲೇಮಿನ ಬೆಹಾರ್, ಮಗೋರಾ ಮುಂತಾದವರು ನೀರಿನ ಚೀಲದ ಹೊರಗೆ, ಎಪಿಡ್ಯೂರಲ್ ಜಾಗಕ್ಕೆ ಮಾರ್ಫಿನ್ ಕೊಟ್ಟು ಫಲ ಕಂಡರು.

ಲೆಕ್ಕ ನೋಡಿ. ಸ್ನಾಯುವಿಗೆ ಚುಚ್ಚುವುದಾದರೆ ಸುಮಾರು 10 ಮಿಲಿಗ್ರಾಂ ಬೇಕು. ಸಿಜೇರಿಯನ್ ಆದವರ ಬೆನ್ನಿನ ನೀರಿಗೆ ಈಗ ನಾವು ಕೊಡುವುದು 100ರಿಂದ 150 ಮೈಕ್ರೋಗ್ರಾಂ. ಎಂದರೆ ಅರವತ್ತು, ನೂರರಲ್ಲಿ ಒಂದು ಪಾಲು. ತಾಯಿಯ ರಕ್ತಕ್ಕೆ ಸೇರುವುದು ಅತ್ಯಲ್ಪ, ಎದೆಹಾಲಿನಲ್ಲಿ ಮಗುವಿಗೆ ಹೋಗುವುದು ಇನ್ನೂ ಅಲ್ಪ. 1914ರ ಹೆಂಗಸರು ಬಯಸಿದ್ದು ಹೀಗೆ ಬೇರೆ ಬಾಗಿಲಿನಿಂದ ಸಿಕ್ಕಿತು.

ಬೆಲ್ಲ, ಅರಿಶಿನ ಮತ್ತು ಕಾಲುವೆ

ಆದರೆ 1979ರಲ್ಲೇ ವೈದ್ಯ ಪತ್ರಿಕೆಗಳಲ್ಲಿ ಕಳವಳದ ವರದಿಗಳು ಬಂದವು. ಬೆನ್ನಿಗೆ ಮಾರ್ಫಿನ್ ಪಡೆದು ಹಾಯಾಗಿ ಮಲಗಿದ್ದ ರೋಗಿಗಳಲ್ಲಿ ಕೆಲವರಿಗೆ ಗಂಟೆಗಳು ಕಳೆದ ಮೇಲೆ ಉಸಿರು ನಿಧಾನವಾಗುತ್ತಿತ್ತು. ಮದ್ದು ಸೊಂಟದಲ್ಲಿದೆ ಎಂದು ಎಲ್ಲರೂ ನಂಬಿದ್ದರು. ಅದು ಸೊಂಟದಲ್ಲಿ ಉಳಿದಿರಲಿಲ್ಲ.

ಇದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ಬೆಲ್ಲ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಅರಿಶಿನದ ಬಣ್ಣ ಎಣ್ಣೆಯಲ್ಲಿ ಬಿಡುವಷ್ಟು ನೀರಿನಲ್ಲಿ ಬಿಡದು. ಮಾರ್ಫಿನ್ ಬೆಲ್ಲದ ಜಾತಿ. 1960ರಲ್ಲಿ ಬೆಲ್ಜಿಯಂನ ಪೌಲ್ ಯಾನ್ಸೆನ್ ತಯಾರಿಸಿದ ಫೆಂಟನಿಲ್ ಅರಿಶಿನದ ಜಾತಿ. ನರಗಳು ಕೊಬ್ಬಿನ ಹೊದಿಕೆಯವು. ಹಾಗಾಗಿ ಫೆಂಟನಿಲ್ ಬೆನ್ನಿನ ನೀರಿಗೆ ಬಿದ್ದ ಕೂಡಲೇ ಹತ್ತಿರದ ನರ, ಕೊಬ್ಬು, ರಕ್ತನಾಳಗಳಿಗೆ ಇಂಗಿಹೋಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಕೆಲಸ ಶುರು, ಎರಡರಿಂದ ನಾಲ್ಕು ಗಂಟೆಯಲ್ಲಿ ಮುಗಿತಾಯ. ಮಾರ್ಫಿನ್ ಕೊಬ್ಬಿಗೆ ಸುಲಭವಾಗಿ ಇಳಿಯದೆ ನೀರಿನಲ್ಲೇ ಉಳಿಯುತ್ತದೆ. ಅರ್ಧದಿಂದ ಒಂದು ಗಂಟೆ ತಡವಾಗಿ ಶುರುವಾದರೂ ಹದಿನೆಂಟರಿಂದ ಇಪ್ಪತ್ತನಾಲ್ಕು ಗಂಟೆ ನೋವು ತಡೆಯುತ್ತದೆ.

ನಮ್ಮ ನಿಫಾಡ್ ತಾಲ್ಲೂಕಿನಲ್ಲಿ ಗೋದಾವರಿಗೆ ನಾಂದೂರ್ ಮಧ್ಮೇಶ್ವರದ ಒಡ್ಡು ಇದೆ. ಅಲ್ಲಿಂದ ಕಾಲುವೆ ಸಂಭಾಜಿನಗರ ಜಿಲ್ಲೆಯ ವೈಜಾಪುರ, ಗಂಗಾಪುರದ ಕಡೆಗೆ ಹೋಗುತ್ತದೆ. ಒಡ್ಡಿನ ಪಕ್ಕದ ಹೊಲವೇ ನೀರನ್ನೆಲ್ಲ ಕುಡಿದರೆ ಮುಂದಿನವರಿಗೆ ಸಿಗದು, ಅದು ಫೆಂಟನಿಲ್. ಪಕ್ಕದ ಹೊಲ ನಿಧಾನವಾಗಿ ಹೀರಿದರೆ ಉಳಿದದ್ದು ಕೊನೆಭಾಗದ ಊರಿಗೂ ಮುಟ್ಟುತ್ತದೆ, ಅದು ಮಾರ್ಫಿನ್. ಒಂದೇ ವ್ಯತ್ಯಾಸ: ಬೆನ್ನಿನ ನೀರು ಕಾಲುವೆಯಂತೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಪ್ರತಿ ಎದೆಬಡಿತಕ್ಕೂ ಪ್ರತಿ ಉಸಿರಿಗೂ ಅದು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ತೂಗುತ್ತದೆ. ಆ ತೂಗಾಟದಲ್ಲಿ ಮದ್ದು ಬೆರೆಯುತ್ತ ಬೆರೆಯುತ್ತ ಮೇಲಕ್ಕೇರುತ್ತದೆ.

1982ರಲ್ಲಿ ಬ್ರೊಮೇಜ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರಿಗೆ 10 ಮಿಲಿಗ್ರಾಂ ಮಾರ್ಫಿನ್ನನ್ನು ಎಪಿಡ್ಯೂರಲ್ ಜಾಗಕ್ಕೆ ಕೊಟ್ಟು, ಗಂಟೆಗಟ್ಟಲೆ ಅವರ ಮೈಯ ನೋವಿನ ಅರಿವನ್ನು ಪರೀಕ್ಷಿಸುತ್ತ ಹೋದರು. ನೋವು ಮಂದವಾದ ಗಡಿ ಸೊಂಟದಿಂದ ಎದೆಗೆ, ಎದೆಯಿಂದ ಕುತ್ತಿಗೆಗೆ, ಕೊನೆಗೆ ಮುಖಕ್ಕೆ ಏರಿತು. ತುರಿಕೆ, ವಾಂತಿ ಅದರ ಹಿಂದೆಯೇ ಬಂದವು. ಮದ್ದು ನಡೆದ ದಾರಿ ಚರ್ಮದ ಮೇಲೆಯೇ ಕಂಡಂತಾಯಿತು. 1984ರಲ್ಲಿ ಆಸ್ಟ್ರೇಲಿಯಾದ ಕಸಿನ್ಸ್ ಮತ್ತು ಮೇಥರ್ ಇದನ್ನೆಲ್ಲ ಒಟ್ಟುಗೂಡಿಸಿ ಬರೆದ ದೀರ್ಘ ಲೇಖನವನ್ನು ಅರಿವಳಿಕೆ ಓದಿದವರು ಇಂದಿಗೂ ನೆನೆಯುತ್ತಾರೆ.

ಮೂಗಿನ ತುರಿಕೆಗೆ ಉತ್ತರ ಇಲ್ಲಿದೆ. ಮುಖದ ನರದ ಒಂದು ಕೇಂದ್ರ ಮಿದುಳಿನ ಬುಡದಲ್ಲಿ, ಕುತ್ತಿಗೆಯ ಹತ್ತಿರ ಇದೆ. ಮೇಲೇರಿದ ಮಾರ್ಫಿನ್ ಅಲ್ಲಿಯ ಬೀಗಗಳಲ್ಲಿ ಕೂತಾಗ ಮೂಗು, ಕೆನ್ನೆ ತುರಿಸುತ್ತವೆ. ಬಾಣಂತಿಯರಲ್ಲಿ ಇದು ಬಹಳ ಸಾಮಾನ್ಯ. ಇದು ಅಲರ್ಜಿಯಲ್ಲ, ಹಾಗಾಗಿ ಅಲರ್ಜಿ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ತೊಂದರೆ ಹೆಚ್ಚಾದರೆ ಬೀಗದಿಂದ ಮಾರ್ಫಿನ್ನನ್ನು ಎಬ್ಬಿಸುವ ಮದ್ದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ. ಆದರೆ ಉಸಿರಾಟದ ಕೇಂದ್ರವೂ ಆ ಮಿದುಳಿನ ಬುಡದಲ್ಲೇ ಇದೆ. ಮೂಗಿಗೆ ಬಂದ ಮದ್ದು ಉಸಿರಿನ ನೆರೆಮನೆಗೆ ಬಂದಂತೆಯೇ.

ರಾತ್ರಿಯ ಕಾವಲು

ಈಗ ಕೊಡುವ ಸಣ್ಣ ಪ್ರಮಾಣದಲ್ಲಿ, ಆರೋಗ್ಯವಂತ ಬಾಣಂತಿಗೆ ಉಸಿರಿನ ತೊಂದರೆ ಬಹಳ ಅಪರೂಪ. ಅಪರೂಪವಾಗಿ ಉಳಿದಿರುವುದು ಕಾವಲಿನಿಂದ. ಬೆನ್ನಿಗೆ ಮಾರ್ಫಿನ್ ಕೊಟ್ಟವರನ್ನು 24 ಗಂಟೆ ನೋಡಿಕೊಳ್ಳಬೇಕು, ಮೊದಲ 12 ಗಂಟೆ ತಾಸಿಗೊಮ್ಮೆ, ಆಮೇಲೆ ಎರಡು ತಾಸಿಗೊಮ್ಮೆ ಎಂಬುದು ಅಮೆರಿಕದ ಅರಿವಳಿಕೆ ವೈದ್ಯರ ಸಂಘದ ಸಾಮಾನ್ಯ ಸೂಚನೆ. ನೋಡಬೇಕಾದದ್ದು ಮೂರು: ಉಸಿರಿನ ಲೆಕ್ಕ, ರಕ್ತದ ಆಮ್ಲಜನಕ, ಕರೆದರೆ ಎಚ್ಚರಾಗುತ್ತಾಳೆಯೇ ಎಂಬುದು. ತೊಂದರೆ ಕಂಡರೆ ನಲೋಕ್ಸೋನ್ ಎಂಬ ಮದ್ದು ಮಾರ್ಫಿನ್ನನ್ನು ಬೀಗದಿಂದ ಎಬ್ಬಿಸುತ್ತದೆ.

ನಾನು ಎಷ್ಟೋ ವಾರ್ಡುಗಳಲ್ಲಿ ಕಂಡ ಮಾತು: ನಡುರಾತ್ರಿ ನರ್ಸ್ ಬಂದು ಬಾಣಂತಿಯನ್ನು ಕರೆದರೆ ಮನೆಯವರು ಅಡ್ಡ ಬರುತ್ತಾರೆ. “ಪಾಪ, ಈಗ ಕಣ್ಣು ಮುಚ್ಚಿದ್ದಾಳೆ, ಮಲಗಲಿ ಬಿಡಿ ಸಿಸ್ಟರ್.” ಪ್ರೀತಿಯ ಮಾತೇ. ಆದರೆ ಆ ಕರೆ ನಿದ್ದೆ ಕೆಡಿಸಲು ಅಲ್ಲ. ಹೈದರಾಬಾದಿನಲ್ಲಿ 1889ರಲ್ಲಿ ಹೇಳಿದ ‘ಉಸಿರನ್ನು ನೋಡಿ’ ಎಂಬ ಮಾತನ್ನೇ ಆ ನರ್ಸ್ ಪಾಲಿಸುತ್ತಿರುತ್ತಾಳೆ. ನಿಮ್ಮ ಮಗಳು, ಸೊಸೆ ಆಸ್ಪತ್ರೆಯಲ್ಲಿದ್ದಾಗ ಎರಡು ಪ್ರಶ್ನೆ ಕೇಳಿ: ಬೆನ್ನಿಗೆ ಕೊಟ್ಟ ಮದ್ದಿನಲ್ಲಿ ಮಾರ್ಫಿನ್ ಇದೆಯೇ? ಇದ್ದರೆ ರಾತ್ರಿ ಯಾರು ನೋಡುತ್ತಾರೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಅವಳಿಗೆ ಗೊರಕೆಯ ಕಾಯಿಲೆ ಇದ್ದರೆ, ನಿದ್ದೆ ಮಾತ್ರೆಯ ಅಭ್ಯಾಸವಿದ್ದರೆ ಮೊದಲೇ ಹೇಳಿ. ಇನ್ನು ಬೆನ್ನಿನ ಇಂಜೆಕ್ಷನ್ನಿನಿಂದ ಜೀವನವಿಡೀ ಬೆನ್ನುನೋವು ಎಂಬ ಮಾತನ್ನು ನಂಬಿ ಯಾರನ್ನೂ ಹೆದರಿಸಬೇಡಿ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ. ಬಾಣಂತಿಯ ಬೆನ್ನುನೋವು ಇಂಜೆಕ್ಷನ್ ಪಡೆಯದವರಿಗೂ ಬರುತ್ತದೆ.

ನಮ್ಮ ಸ್ಟೇಷನ್ ಮುಂದೆ ಹಾದುಹೋದ ಅಫೀಮು

ಕೊನೆಯದಾಗಿ ನಮ್ಮ ಊರಿನ ರೈಲುಹಳಿಯ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಳವದ ಅಫೀಮು ಬೊಂಬಾಯಿ ಬಂದರಿನಿಂದ ಚೀನಾಕ್ಕೆ ಹೋಗುತ್ತಿತ್ತು. ಇಂದೋರ್‌ನಿಂದ ಖಂಡ್ವಾಕ್ಕೆ ಹಳಿ ಬಂದ ಮೇಲೆ ಅದು ರೈಲಿನಲ್ಲಿ ಭುಸಾವಳ, ಮನ್ಮಾಡ್ ದಾಟಿ ಲಾಸಲಗಾಂವ್ ಮುಂದೆಯೇ ಹಾದು ಹೋಗುವುದಾಯಿತು. ಇನ್ನೊಂದು ದೇಶವನ್ನು ಚಟಕ್ಕೆ ದೂಡಿದ ಆ ವ್ಯಾಪಾರ 1913ರಲ್ಲಿ ನಿಂತಿತು. ಇಂದಿಗೂ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಗಸಗಸೆ ಬೆಳೆಯುತ್ತಾರೆ. ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತವೆ.

ಬೆಳೆಯುವ ದೇಶ ನಮ್ಮದು, ನೋವಿನಲ್ಲಿ ಮಾರ್ಫಿನ್ ಸಿಗದೆ ನರಳುವವರೂ ನಮ್ಮವರು. ಮಾದಕವಸ್ತು ತಡೆಯಲು 1985ರಲ್ಲಿ ಬಂದ ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ ಔಷಧದಂಗಡಿಗಳೂ ಆಸ್ಪತ್ರೆಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ವೈದ್ಯಕೀಯ ಬಳಕೆ ಸುಮಾರು 18 ಕಿಲೋಗೆ ಇಳಿದಿತ್ತು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮುಂತಾದವರ ವರ್ಷಾನುವರ್ಷಗಳ ಹೋರಾಟದ ಫಲವಾಗಿ 2014ರಲ್ಲಿ ತಿದ್ದುಪಡಿ ಬಂತು, ಅನುಮತಿಯ ದಾರಿ ಸರಳವಾಯಿತು. ಆದರೂ ಸಣ್ಣ ಊರಿನ ಆಸ್ಪತ್ರೆಗಳಿಗೆ ಮಾರ್ಫಿನ್ ಸುಲಭವಾಗಿ ತಲುಪುವುದಿಲ್ಲ. ಬೆನ್ನಿನ ನೀರಿಗೆ ಬಿಡಬೇಕಾದ, ಕೆಡದಂತೆ ತಡೆಯುವ ರಾಸಾಯನಿಕ ಬೆರೆಸದ ಶುದ್ಧ ಮಾರ್ಫಿನ್ ಇನ್ನೂ ಅಪರೂಪ. ಹಲವು ಕಡೆ ಫೆಂಟನಿಲ್ಲಿನ ನಾಲ್ಕು ಗಂಟೆಯ ನೆಮ್ಮದಿಯಲ್ಲೇ ಬಾಣಂತಿ ತೃಪ್ತಿಪಡಬೇಕು. ಕ್ಯಾನ್ಸರ್ ಆದವರ ಮನೆಯವರು ಒಂದು ಚೀಟಿ ಮಾತ್ರೆಗಾಗಿ ನಾಶಿಕ್‌ಗೆ, ಮುಂಬಯಿಗೆ ಅಲೆಯುತ್ತಾರೆ.

ನೋವು ಸಹಿಸುವುದೇ ಹೆಣ್ಣಿನ ಗುಣ ಎಂದು ನಮ್ಮ ಅಜ್ಜಿಯರಿಗೆ ಹೇಳಿದರು, ಅವರು ಸಹಿಸಿದರು. ನಮಗೆ ಬೇರೆ ದಾರಿಗಳು ಗೊತ್ತಿವೆ. ಆ ದಾರಿಯಲ್ಲಿ ಮದ್ದು ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕಾವಲು ಬೇಕು ಎಂಬುದೂ ಗೊತ್ತಿದೆ. ನಮ್ಮ ವೇದಿಕೆಯ ಮುಂದಿನ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಜೊತೆಗೆ ಒಂದು ಗಂಟೆ ನೋವಿನ ಬಗ್ಗೆಯೂ ಮಾತಾಡೋಣ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಮಾರ್ಫಿನ್‌ಗೆ ಅನುಮತಿ ಇದೆಯೇ ಎಂದು ಕೇಳಿ ಬನ್ನಿ. ಹತ್ತು ಊರಿನಿಂದ ಹತ್ತು ಉತ್ತರ ಸೇರಿದರೆ, ಯಾರ ಬಳಿ ಹೋಗಿ ಏನು ಕೇಳಬೇಕೆಂಬುದು ನಮಗೇ ತಿಳಿಯುತ್ತದೆ.